ಕಾಜಾ

ಹೊಸೂರು ರಸ್ತೆಯ ಆಸ್ಪತ್ರೆ, ನೆಲಮಹಡಿ, ಕೊನೆಯ ಕೋಣೆ.
ಮೇಜಿನ ಮೇಲೊಂದು ಹಲಗೆ, ಹಲಗೆಗೆ ಬಿಗಿದ ನೀಲಿ ಬಟ್ಟೆ,
ಆರು ಗುಂಡಿ, ಆರು ಕಾಜಾ.
'ಒಂದೊಂದೇ ಹಾಕಿ ಅಂಕಲ್, ಅವಸರ ಇಲ್ಲ'
ಅನ್ನುತ್ತಾಳೆ ದೇಚಮ್ಮ.
ಇವರು ಹಲಗೆ ನೋಡುತ್ತಾರೆ.
ನಾನು ಇವರ ಕೈ ನೋಡುತ್ತೇನೆ.

ಕಿಲಾರಿ ರಸ್ತೆಯಲ್ಲಿ ಮೂವತ್ತೊಂದು ವರ್ಷ
ಮದುವೆ ಸೂಟು, ವಕೀಲರ ಗೌನು,
ಬ್ಯಾಂಡಿನವರ ಜರಿಪಟ್ಟಿ ಕೋಟು ಹೊಲಿದ ಕೈ.
ಸೀಮೆಸುಣ್ಣದಲ್ಲಿ ಒಂದೇ ಗೀಟು,
ಅಳಿಸಿ ಎಳೆದದ್ದು ನಾ ಕಂಡಿಲ್ಲ.
ಕತ್ತರಿ ಹೊರಟರೆ ಬಟ್ಟೆ ತಾನೇ ದಾರಿ ಬಿಡುತ್ತಿತ್ತು.
ಈಗ ತೊಡೆಯ ಮೇಲೆ ಬಿದ್ದಿದೆ,
ಅಳತೆಗೆಂದು ಕೊಟ್ಟು ಯಾರೋ ಒಯ್ಯಲು ಮರೆತ
ಹಳೆ ಅಂಗಿಯ ತೋಳಿನ ಹಾಗೆ.

ಆಯುಧಪೂಜೆಯ ಮಾರನೇ ದಿನ.
ಮೆಷಿನ್ನಿಗಿಟ್ಟ ಕುಂಕುಮ ಇನ್ನೂ ಹಸಿ.
ಟೀ ಲೋಟ ಜಾರಿತು. ಏನಾಯ್ತು ಅಂದೆ.
ಬಾಯಿ ಒಂದು ಪಕ್ಕಕ್ಕೆ ಸುಕ್ಕಾಯಿತು,
ದಾರ ಎಳೆದ ಬಟ್ಟೆಯಂತೆ.
ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಆಟೋ ನಿಂತಿತು:
ನೂರಾ ಇಪ್ಪತ್ತು, ನೂರಾ ಹತ್ತೊಂಬತ್ತು...
ಕೆಂಪು ಅಂಕಿ ಒಂದೊಂದೇ ಇಳಿಯುತ್ತಿತ್ತು,
ಒಳಗೆ ಇವರ ತಲೆಯಲ್ಲಿ
ಯಾವ ಯಾವ ಮಾತು ಇಳಿದು ಹೋಗುತ್ತಿತ್ತೋ.

ಮಾತಿನ ಕೋಣೆಯಲ್ಲಿ ಚಿತ್ರ ತೋರಿಸಿದರು.
ಕೊಡೆ. ಇವರು ಅಂದರು: ನಾಳೆ.
ಬಾಳೆಹಣ್ಣು. ನಾಳೆ.
ಹಸು, ಬೀಗ, ಬಾಚಣಿಗೆ... ನಾಳೆ, ನಾಳೆ, ನಾಳೆ.
ಮೇಡಂ ಫೈಲಿನಲ್ಲಿ ಏನೋ ಬರೆದುಕೊಂಡರು.
ನಾನು ಸೆರಗು ಬಾಯಿಗೊತ್ತಿ ನಕ್ಕೆ,
ಅಳುವೆಂದು ತಿಳಿದು ನೀರು ಕೊಟ್ಟರು.
ದರ್ಜಿಯ ಮಾತೆಲ್ಲ ಹೋಗಿ ಒಂದು ಉಳಿಯುವುದಾದರೆ
ಇನ್ಯಾವುದು ಉಳಿದೀತು, ಹೇಳಿ.
ಹಬ್ಬದ ಹಿಂದಿನ ಸಂಜೆ, ಮುಹೂರ್ತದ ಮುಂಜಾನೆ
ಬಾಗಿಲಿಗೆ ಬಂದ ಗಿರಾಕಿಗೆ ಕೊಟ್ಟದ್ದು ಅದೊಂದನ್ನೇ.

ಎರಡು ಕಂಬಿಗಳ ನಡುವೆ ನಡೆಸುತ್ತಾರೆ, ಸೊಂಟಕ್ಕೆ ಪಟ್ಟಿ ಕಟ್ಟಿ.
'ಬಲಗಡೆ ನಿಂತು ಕೂಗಿ ಆಂಟಿ, ಆ ಕಡೆಗೂ ಗಮನ ಬರಲಿ.'
ರೀ, ಅಂದೆ.
'ಹಾಗಲ್ಲ, ಹೆಸರು ಹಿಡಿದು.'
ಮದುವೆಯ ದಿನ ಒಗಟಿನಲ್ಲಿ ಸುತ್ತಿ ಹೇಳಿದ್ದ ಹೆಸರು,
ಆಮೇಲೆ ರೇಷನ್ ಅಂಗಡಿಯಲ್ಲೂ ಕಾರ್ಡು ಮುಂದೆ ಹಿಡಿದವಳು ನಾನು.
ಕಣ್ಣು ಮುಚ್ಚಿ ಹೇಳಿದೆ. ಸ್ವಲ್ಪ ಜೋರಾಗಿಯೇ ಬಂತು.
ಕೋಣೆಯ ಜನವೆಲ್ಲ ತಿರುಗಿದರು.
ಇವರೊಬ್ಬರು ತಿರುಗಲಿಲ್ಲ.

ಇವತ್ತು ಮತ್ತೆ ಹಲಗೆ.
ಎಡಗೈಯಿಂದ ಬಲಗೈ ಎತ್ತಿ ಮೇಜಿಗಿಟ್ಟುಕೊಂಡರು,
ಮಲಗಿದ ಮಗುವನ್ನು ಎತ್ತಿ ಹಾಕುವಂತೆ.
ಹೆಬ್ಬೆರಳು ಅಲುಗಿತು. ಗುಂಡಿ ತಪ್ಪಿತು.
ಮತ್ತೊಮ್ಮೆ. ಬೆವರು.
ಥಟ್ಟನೆ ಬಗ್ಗಿ ನಾಲ್ಕನೇ ಕಾಜಾವನ್ನು ದಿಟ್ಟಿಸಿ
ಹುಬ್ಬು ಗಂಟಿಕ್ಕಿ ಅಂದರು:
'ವಾಕ್ಡಾ.'

'ಏನಂದ್ರು ಆಂಟಿ? ಏನದು?'
ಕೊಡಗಿನ ಹುಡುಗಿ, ಅವಳಿಗೆಲ್ಲಿ ಗೊತ್ತು ನಮ್ಮ ಮನೆಯ ಮರಾಠಿ.
ಓರೆ, ಅಂದೆ. ಕಾಜಾ ಓರೆಯಾಗಿದೆ ಅಂತಾರೆ.
ನಿಜಕ್ಕೂ ಆಗಿತ್ತು, ಒಂದೆಳೆಯಷ್ಟು.
ಕಾಜಾ ನನ್ನ ಪಾಲಿನ ಕೆಲಸ.
ಅಡುಗೆ ಮುಗಿಸಿ, ದೀಪದಡಿ ಕೂತು
ಕಣ್ಣು ಉರಿಯುವವರೆಗೆ ಹಾಕಿ ಕೊಟ್ಟರೆ
ಬೆಳಕಿಗೆ ಹಿಡಿದು ಇದೇ ಒಂದು ಮಾತು ಎಸೆಯುತ್ತಿದ್ದರು.
ಎಷ್ಟು ರಾತ್ರಿ ಬಿಚ್ಚಿದ್ದೇನೆ, ಹಲ್ಲು ಕಚ್ಚಿ,
ಈ ಮನುಷ್ಯನ ನಾಲಿಗೆ ಬಿದ್ದು ಹೋಗಲಿ ಅಂದುಕೊಂಡು.

ಅಂದುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿಲ್ಲ,
ದೇಚಮ್ಮ ಅಷ್ಟೆಲ್ಲ ಪ್ರಶ್ನೆ ಕೇಳಿದಾಗಲೂ.

ರಾತ್ರಿ ಇವರು ಮಲಗಿದ ಮೇಲೆ
ಇವರದೇ ಬಿಳಿ ಅಂಗಿ ತೆಗೆದೆ.
ಮೇಲಿನಿಂದ ಮೂರನೇ ಕಾಜಾ ಬಿಚ್ಚಿ ಹೊಸದಾಗಿ ಹಾಕಿದೆ.
ಸೂಜಿ ನೆಟ್ಟಗೆ ಹೋಗುತ್ತೇನೆಂದು ಹಟ ಹಿಡಿಯಿತು,
ಬೇಕಂತಲೇ ಓರೆ ಎಳೆದೆ,
ಕುರುಡರಿಗೂ ಕಾಣುವಷ್ಟು.
ಕುರ್ಚಿಯ ಬೆನ್ನಿಗೆ ನೇತುಹಾಕಿದ್ದೇನೆ,
ಇವರ ಬಲಗಡೆಗೆ.